ಇಲಿಗೆ ಸಕ್ಕರೆ ಕಾಯಿಲೆ ಬರಿಸುವವಳು

ಹೊನ್ನಾಳಿಗೆ ಬಂದ ಮೊದಲ ವಾರವೇ, ಒಗೆದು ಒಣಹಾಕಿದ್ದ ನನ್ನ ಬಿಳಿ ಕೋಟನ್ನು ಮನೆಯೊಡತಿ ಗಿರಿಜಮ್ಮ ಕೋಲಿನ ತುದಿಯಲ್ಲಿ ಎತ್ತಿ ಬೀದಿಗೆ ಎಸೆದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಫಾರ್ಮಸಿ ಕಾಲೇಜಿನಲ್ಲಿ ನನ್ನ ಕೆಲಸ ಏನೆಂದು ಯಾರೋ ಅವರಿಗೆ ಹೇಳಿಬಿಟ್ಟಿದ್ದರು.

"ಗಣಪತಿ ವಾಹನಕ್ಕೆ ಸೂಜಿ ಚುಚ್ಚಾಕೆ ಅಂಕೋಲೆಯಿಂದ ಇಲ್ಲಿಗಂಟ ಬಂದೀರೇನ್ರೀ? ಆ ಬಟ್ಟೆ ನಮ್ಮ ತಂತಿ ಮ್ಯಾಲೆ ಹಾಕಬ್ಯಾಡ್ರಿ."

ಅಂಕೋಲೆಯ ನಮ್ಮವರೇ, ನೀವೆಲ್ಲ ನನ್ನನ್ನು ಮೊದಲು ಔಷಧ ಕಂಡುಹಿಡಿಯುವವಳು ಅಂದುಕೊಂಡಿದ್ದಿರಿ, ಈಗ ಅರ್ಧಂಬರ್ಧ ಸುದ್ದಿ ಕೇಳಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಗಟ್ಟಿಮುಟ್ಟಾದ ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸುತ್ತೇನೆ. ಹೊಸ ಔಷಧ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಮೊದಲು ಕಾಯಿಲೆ ಬೇಕು. ಬಿಳಿ ಇಲಿಯನ್ನು ಉಪವಾಸವಿಟ್ಟು, ತೂಗಿ, ಮಂಜುಗಡ್ಡೆಯ ಮೇಲೆ ತಣ್ಣಗಿಟ್ಟ ರಾಸಾಯನಿಕವನ್ನು ಅದರ ಹೊಟ್ಟೆಗೆ ಚುಚ್ಚುತ್ತೇನೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅದು ಸಾಯಿಸುತ್ತದೆ. ಸಕ್ಕರೆ ಒಮ್ಮೆಲೇ ಕುಸಿದು ಇಲಿ ಸತ್ತುಹೋಗದಿರಲೆಂದು ಮೊದಲ ದಿನ ಸಕ್ಕರೆ ನೀರಿಡಬೇಕು. ಮೂರನೆಯ ದಿನ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಕಾಯಿಲೆ ಬಂದಿರುತ್ತದೆ. ಆಮೇಲೆ ಅವು ನೀರು ಕುಡಿದೇ ಕುಡಿಯುತ್ತವೆ, ಉಚ್ಚೆ ಹೊಯ್ದೇ ಹೊಯ್ಯುತ್ತವೆ, ಬೆನ್ನುಮೂಳೆ ಕಾಣುವಷ್ಟು ಸೊರಗುತ್ತವೆ. ಹಾಸಿದ ಭತ್ತದ ಹೊಟ್ಟನ್ನು ಎಷ್ಟು ಸಲ ಬದಲಿಸಿದರೂ ಪಂಜರ ಒದ್ದೆಯೇ. ಕೊನೆಗೆ ನಾವೇ ಕೊಲ್ಲುತ್ತೇವೆ. ಇದೆಲ್ಲ ಅನುಮತಿ ಪಡೆದು, ನಿಯಮದ ಪ್ರಕಾರವೇ ನಡೆಯುತ್ತದೆ. ಆದರೆ ಆ ವಾಸನೆಗೆ ನಿಯಮ ಗೊತ್ತಿಲ್ಲ. ಸೋಪು ಹಾಕಿ ತಿಕ್ಕಿದರೂ ಅದು ನನ್ನ ಜೊತೆ ಮನೆಗೆ ಬರುತ್ತಿತ್ತು.

ಆ ಮನೆ ಸಿಕ್ಕಿದ್ದೇ ಕಷ್ಟದಲ್ಲಿ. ಮೂರು ಕಡೆ "ಯಾವ ಪೈಕಿ?" ಎಂದು ಕೇಳಿ ಕಳಿಸಿದ್ದರು. ಯಾವ ಜಾತಿ ಎಂದು ಕೇಳುವ ಮರ್ಯಾದೆಯ ರೀತಿ ಅದು. ನಮ್ಮಲ್ಲಿ ಬಂದವರಿಗೆ ಮೊದಲು ಮೀನಿದೆಯೋ ಇಲ್ಲವೋ ಹೇಳುತ್ತೇವೆ. ಇಲ್ಲಿ ಮೀನು ಬೇಯಿಸುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಗಿರಿಜಮ್ಮ ಬೀಗದ ಕೈ ಕೊಟ್ಟದ್ದು. ಚನ್ನಗಿರಿ ರಸ್ತೆಯ ಹೋಟೆಲೊಂದರಲ್ಲಿ ಸೂಳೆಕೆರೆಯ ಮೀನು ಸಿಗುತ್ತದೆಂದು ಕೇಳಿ ಒಂದು ಭಾನುವಾರ ಹೋದೆ. ಕೆಸರು ತಿಂದ ಹಾಗಿತ್ತು. ಸಂಜೆಯಾದರೆ ಎಲ್ಲರ ಕೈಯಲ್ಲೂ ಮಂಡಕ್ಕಿ, ಅಂದರೆ ನಮ್ಮ ಚುರುಮುರಿ, ಕಚ್ಚಿಕೊಳ್ಳಲು ಕಣ್ಣೀರು ಬರಿಸುವ ಖಾರದ ಮೆಣಸಿನಕಾಯಿ. ಕಟ್ಟೆಯ ಮೇಲೆ ಗುಂಪಾಗಿ ಕೂತು ತಿನ್ನುತ್ತಾರೆ. ನಾನು ಹಾದುಹೋದರೆ ಮಾತು ನಿಲ್ಲುತ್ತಿತ್ತು. ನಾನೂ ನಗಲು ಹೋಗಲಿಲ್ಲ. ಆ ಊರಿಗೆ ನಾನು ಬೇಡವಾಗಿದ್ದರೆ, ನನಗೂ ಆ ಊರು ಬೇಡವಾಗಿತ್ತು.

ಹೀಗಿರುವಾಗ ಗಿರಿಜಮ್ಮನ ಅಣ್ಣ ತಿಪ್ಪೇಶಣ್ಣ ಜಗಳೂರಿನಿಂದ ಬಂದರು. ಕುರಿ ಸಾಕುವವರು. ಜೊತೆಗೆ ಯಾವುದೋ ಎಲೆ ಒಣಗಿಸಿ ಪುಡಿ ಮಾಡಿ ಸಕ್ಕರೆ ಕಾಯಿಲೆಯವರಿಗೆ ಮಾರುತ್ತಿದ್ದರು. ತಂಗಿ ಬೈಯುವ ಇಲಿಗಳ ಸುದ್ದಿ ಕೇಳಿ ಅವರಿಗೆ ಸಿಟ್ಟು ಬರಲಿಲ್ಲ, ಆಸೆ ಹುಟ್ಟಿತು.

"ನಮ್ಮ ಪುಡೀನೂ ಇಲಿಗೆ ಹಾಕಿ ನೋಡ್ರಿ ಮೇಡಂ. ಒಂದು ಸರ್ಟಿಫಿಕೇಟ್ ಕೊಟ್ರೆ ಸಾಕು."

ಕಾಲೇಜಿನವರು ಒಪ್ಪಿದರು, ಅನುಮತಿಯೂ ಸಿಕ್ಕಿತು. ಕಾಯಿಲೆ ಬರಿಸಿದ ಇಲಿಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಪುಡಿ, ಒಂದಕ್ಕೆ ಆಸ್ಪತ್ರೆಯ ಮಾತ್ರೆ ಕೊಟ್ಟೆ. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ನಾಲ್ಕು ವಾರ ಕಳೆಯಿತು. ಮಾತ್ರೆ ತಿಂದವುಗಳ ಸಕ್ಕರೆ ಇಳಿಯಿತು. ಪುಡಿ ತಿಂದವು ಏನೂ ತಿನ್ನದವುಗಳ ಹಾಗೆಯೇ ಸೊರಗಿದವು.

ಫಲಿತಾಂಶ ಹೇಳಲು ಗಿರಿಜಮ್ಮನ ಅಡುಗೆಮನೆಗೆ ಹೋದೆ. ಗೋಡೆಯ ಗೂಡಿನಲ್ಲಿ ನಾನು ಇಲಿಗಳಿಗೆ ಕೊಟ್ಟಂಥವೇ ಮಾತ್ರೆಗಳ ಬಿಚ್ಚದ ಪಟ್ಟಿಗಳು, ಪಕ್ಕದಲ್ಲಿ ಅಣ್ಣನ ಪುಡಿಯ ಡಬ್ಬಿ ಇದ್ದವು. ಅವರ ಎಡಗಾಲಿನ ಹೆಬ್ಬೆರಳಿಗೆ ಅರಿಶಿಣ ಮೆತ್ತಿದ ಗಾಯ. ಅವರಿಗೂ ಅದೇ ಕಾಯಿಲೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಅಮ್ಮಾ, ನಿಮ್ಮಣ್ಣನ ಪುಡಿಯಿಂದ ಏನೂ ಆಗೋದಿಲ್ಲ. ಮಾತ್ರೆ ಬಿಡಬೇಡಿ. ಕಾಲು ಇವತ್ತೇ ತೋರಿಸಿ."

"ಇಲಿ ಮಾತು ಕಟ್ಕಂಡು ನಮ್ಮಣ್ಣನ ಹೆಸರು ಕೆಡಿಸಾಕೆ ಬಂದೀಯೇನು?" ಅಲ್ಲಿಯವರೆಗೆ ಬಹುವಚನದಲ್ಲಿ ಬೈದಿದ್ದವರು ಏಕವಚನಕ್ಕೆ ಇಳಿದರು. "ಈಗಲೇ ಮನಿ ಖಾಲಿ ಮಾಡು."

ಆಗ ನಾನು ಹೇಳಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. "ಹಾಗಾದ್ರೆ ಬೆರಳು ಕಳ್ಕೊಳ್ಳಿ" ಎಂದೆ. ಎಂದು, ಪೆಟ್ಟಿಗೆ ಕಟ್ಟಿದೆ.

ಹತ್ತಿರದ ನ್ಯಾಮತಿಯಲ್ಲಿ ಕೋಣೆ ಹಿಡಿದು ಕಾಲೇಜಿಗೆ ಬಸ್ಸಿನಲ್ಲಿ ಓಡಾಡತೊಡಗಿದೆ. ಅಲ್ಲಿ ಕೆಲಸ ಏನೆಂದು ಕೇಳಿದವರಿಗೆ ಪಾಠ ಮಾಡುತ್ತೇನೆಂದು ಸುಳ್ಳು ಹೇಳಿದೆ. ಎರಡು ತಿಂಗಳ ಮೇಲೆ, ಗಿರಿಜಮ್ಮನ ಹೆಬ್ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರೆಂದು ಸುದ್ದಿ ಬಂತು. ಕೇಳಿದ ಕ್ಷಣ ಒಂದು ಚೂರು ಸಮಾಧಾನವಾಯಿತು. ಮರುಕ್ಷಣವೇ ಅವರನ್ನು ನೋಡಲು ಹೊರಟೆ. ಬಿಸ್ಕತ್ತಿನ ಪೊಟ್ಟಣ ಕೊಂಡು, ಸಕ್ಕರೆ ಕಾಯಿಲೆಯವರಿಗೆ ಬಿಸ್ಕತ್ತೇ ಎಂದು ನೆನಪಾಗಿ ಅದನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಬರಿಗೈಲಿ ಅವರ ಮನೆಗೆ ಹೋದೆ.

ಗಿರಿಜಮ್ಮ ಹಾಸಿಗೆಯಿಂದ ನನ್ನನ್ನೇ ದಿಟ್ಟಿಸಿದರು. "ನೀನು ಅಂದಂಗೇ ಆತಲ್ಲ. ತಣ್ಣಗಾತೇನು ಹೊಟ್ಟೆ? ಆ ಮೂಕಜೀವಗಳ ಶಾಪ ನಿನಗೆ ತಟ್ಟೋದು ಬಿಟ್ಟು ನನಗೆ ತಟ್ಟೈತೆ." ಗೋಡೆಯ ಕಡೆ ಹೊರಳಿದರು. ಕ್ಷಮಿಸಿ ಎನ್ನಬೇಕೆಂದು ಹೋದವಳು ಹಾಗೆಯೇ ಹೊರಬಂದೆ.

ತಿಪ್ಪೇಶಣ್ಣ ಮೊಗಸಾಲೆಯವರೆಗೆ ಹಿಂದೆ ಬಂದರು. ಮಾತ್ರೆಗಳ ಚೀಟಿ ಚಾಚಿ, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಕೇಳಿದರು. ಒಂದೊಂದರ ಮೇಲೂ ಪೆನ್ನಿನಿಂದ ಗುರುತು ಹಾಕಿಕೊಟ್ಟೆ.

"ಪುಡಿ ಮಾರೋದು ಬಿಟ್ಟಿರಾ?" ಎಂದೆ.

"ಅದು ಬ್ಯಾರೆ ಮಾತು ಬಿಡ್ರಿ" ಎಂದು ಚೀಟಿ ಜೇಬಿಗಿಟ್ಟರು. ನನ್ನ ಫೋನ್ ನಂಬರ್ ಮಾತ್ರ ಬರೆದುಕೊಂಡರು.

ಕಳೆದ ತಿಂಗಳು ರಜೆಗೆ ಅಂಕೋಲೆಗೆ ಬಂದಿದ್ದೆನಲ್ಲ, ಆಗ ನೀವು ಕೆಲವರು ನನ್ನನ್ನು ನೋಡಿಯೂ ನೋಡದಂತೆ ಹೋದಿರಿ. ಚಿಕ್ಕಮ್ಮ ತನ್ನ ಮಗಳ ಸೀಮಂತದಲ್ಲಿ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. "ದಿನಾ ಜೀವ ತೆಗೆಯೋ ಕೈ" ಎಂದು ಯಾರಿಗೋ ಹೇಳುವುದು ಕೇಳಿಸಿತು. ತಮ್ಮ ಕೈ ದಿನಾ ಬಂಗುಡೆ ಮೀನು ಹೆಚ್ಚಿದರೆ ಇವರಿಗೆ ಅಡ್ಡಿಯಿಲ್ಲ! ಸಿಟ್ಟು ಬಂದು ಊಟ ಮಾಡದೆ ಮನೆಗೆ ಹೋದೆ.

ಅಮ್ಮ ಅನ್ನ ಬಡಿಸುವಾಗ ತಿಪ್ಪೇಶಣ್ಣನ ಫೋನು ಬಂತು. ತಂಗಿಗೆ ತಲೆ ತಿರುಗುತ್ತದಂತೆ, ಮಾತ್ರೆ ನಿಲ್ಲಿಸಲೇ ಎಂದರು.

"ಬಿಡಾಕೆ ಹೋಗ್ಬ್ಯಾಡ್ರಿ. ಮೊದಲು ಉಣ್ಣಾಕೆ ಕೊಡ್ರಿ, ಸಕ್ರೆ ಇಳಿದಿರ್ತೈತೆ. ಆಮ್ಯಾಲೆ ಡಾಕ್ಟರಿಗೆ ತೋರಿಸ್ರಿ" ಎಂದೆ.

ಫೋನು ಇಟ್ಟಾಗ ಅಮ್ಮ ಸೌಟು ಹಿಡಿದು ನಿಂತೇ ಇದ್ದಳು.

"ಇದ್ಯಾರ ಭಾಷೆಯೇ ಮಾರಾಯ್ತಿ?"

ತಟ್ಟೆಯಲ್ಲಿ ಎಷ್ಟೋ ತಿಂಗಳಿಂದ ಹಂಬಲಿಸಿದ್ದ ಮೀನಿನ ಸಾರಿತ್ತು. ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಖಾರ ಸಾಲದು ಅನ್ನಿಸಿತು.