ಊರಿಗಾಂನಲ್ಲಿ ಕಟ್ಟಿದ ಪ್ಯಾಕೇಜು

ಊರಿಗಾಂನ ಹಳೆಯ ಚಿನ್ನದ ಗಣಿ ಕಂಪನಿಯ ಕಟ್ಟಡದಲ್ಲಿ ನಿವಾಸಿಗಳ ಸಂಘಕ್ಕೆ ಸೇರಿದ ಒಂದು ಕೋಣೆ. ಅಲ್ಲಿ ಕಲಾ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಮದುವೆಯ ಗಡಿಬಿಡಿಯಲ್ಲಿ ಅವಳ ಡಿಪ್ಲೊಮಾ ಅರ್ಧಕ್ಕೇ ನಿಂತಿತ್ತು. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಅವುಗಳ ಮೇಲೇ ತಾನೂ ಕಲಿತು, ಕಲಿತದ್ದನ್ನು ಕಲಿಸುತ್ತ ಬಂದವಳು. ಇಂಥ ಹಳೆಯ ಯಂತ್ರಗಳಿಗೆಂದೇ ಕೆಲವು ಉತ್ಸಾಹಿಗಳು ಸೇರಿ ನಡೆಸುವ ಲಿನಕ್ಸ್ ಅದು.

ಒಂದು ಬೆಳಿಗ್ಗೆ ಎಲ್ಲಕ್ಕೂ ಅಪ್‌ಡೇಟ್ ಕೊಟ್ಟಳು. ಮತ್ತೆ ಆನ್ ಮಾಡಿದರೆ ಡೆಸ್ಕ್‌ಟಾಪೇ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೆ. ಡೆಸ್ಕ್‌ಟಾಪಿನ ಹೊಸ ಪ್ಯಾಕೇಜು, ಅಂದರೆ ಯಂತ್ರಕ್ಕೆ ಹಾಕಲು ಸಿದ್ಧ ಮಾಡಿದ ತಂತ್ರಾಂಶದ ಕಟ್ಟು, ಬಂದಿತ್ತು. ಅದು ನಡೆಯಲು ಬೇಕಾದ, ಲೈಬ್ರರಿ ಎಂಬ ಇನ್ನೊಂದು ಕೋಡಿನ ಪ್ಯಾಕೇಜು ಬಂದಿರಲಿಲ್ಲ.

ಸಂಘದ ಅಧ್ಯಕ್ಷ ವಿಜಯಕುಮಾರ್ ಬಾಗಿಲಲ್ಲೇ ನಿಂತು ನೋಡಿದರು. "ಬಿಟ್ಟಾಕಮ್ಮಾ ಕಲಾ. ಗುಜರಿಗೆ ಆಕ್ಬಿಡಾಣ. ಈ ರೂಮ್‌ನಾಗೆ ಸಂಘದ ಚೇರು, ಶಾಮಿಯಾನ ಇಟ್ಕೊಂತೀವಿ."

"ಮಿಷಿನ್ ಕೆಟ್ಟಿಲ್ಲಣ್ಣಾ. ಒಳಗಿಂದು ಒಂದು ಸಾಮಾನು ಸಿಕ್ತಿಲ್ಲ. ಲಿನಕ್ಸ್‌ನವ್ರು ಮಾಡ್ಕೊಡ್ದಿದ್ರೆ ನಾನೇ ಮಾಡ್ಕೊಂತೀನಿ."

"ನೀನಾ?"

"ಊ, ನಾನೇ. ಓದು ಬಿಡು ಅಂದಾಗ ಬಿಟ್ಟೆ. ಇದನ್ನ ಬಿಡಲ್ಲ."

ಆ ಕಪ್ಪು ಪರದೆಯಲ್ಲೇ ಕಮಾಂಡ್ ಟೈಪ್ ಮಾಡಿ, ಲೈಬ್ರರಿಯ ಮೂಲ ಕೋಡ್ ಇಳಿಸಿಕೊಂಡು ಪ್ಯಾಕೇಜು ಕಟ್ಟಲು ಕೂತಳು. ಆ ಲೈಬ್ರರಿ ಇನ್ನೊಂದನ್ನು ಕೇಳಿತು, ಅದು ಮತ್ತೊಂದನ್ನು. ಯಂತ್ರ ಗಂಟೆಗಟ್ಟಲೆ ಗೊರಗುಟ್ಟಿ ಕೊನೆಗೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಕೆಲವು ದಿನಗಳ ಮೇಲೆ ಅಂತೂ ಲೈಬ್ರರಿ ಸಿದ್ಧವಾಯಿತು. ಡೆಸ್ಕ್‌ಟಾಪ್ ಮಾತ್ರ ಏಳಲಿಲ್ಲ. ಕೀಬೋರ್ಡ್ ದೂಡಿ ಹೊರಗೆ ಹೋಗಿ, ಗಣಿಯ ಪುಡಿಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಕಡೆ ಮುಖ ಮಾಡಿ ನಿಂತಳು. ಬೇತಮಂಗಲದಿಂದ ಬಸ್ಸಿನಲ್ಲಿ ಕಲಿಯಲು ಬರುವ ಮಂಗಮ್ಮ ಹಿಂದೆಯೇ ಬಂದಳು.

"ಏನಕ್ಕಾ, ಬಿಟ್ಬಿಟ್ರಾ?"

"ಬಿಟ್ಟಿಲ್ಲ ಕಣೇ. ಒಳಗೆ ನೀವೆಲ್ಲಾ ಇದ್ರಿ, ಮಿಷಿನ್‌ನ ಬಯ್ಯಕ್ಕೆ ಆಗ್ಲಿಲ್ಲ."

ಒಳಗೆ ಬಂದು ಮೊಬೈಲಿನಲ್ಲಿ ಆ ಲಿನಕ್ಸ್ ಬಳಸುವವರ ಬಳಗಕ್ಕೆ ಎರರ್ ಪೂರ್ತಿ ಬರೆದು ಕಳಿಸಿದಳು. ಯಾರೋ ಅಪರಿಚಿತರು ಉತ್ತರ ಕೊಟ್ಟರು: ಲೈಬ್ರರಿ ಒಂದೇ ಸಾಲದು, ಅದರ ಜೊತೆ ಹೊಂದುವಂತೆ ಡೆಸ್ಕ್‌ಟಾಪನ್ನೂ ಮೂಲದಿಂದಲೇ ಮತ್ತೆ ಕಟ್ಟಬೇಕು. ಕಲಾ ಮತ್ತೆ ಕೂತಳು. ಈ ಸಲ ಪರದೆಯ ಮೇಲೆ ಡೆಸ್ಕ್‌ಟಾಪ್ ಮೂಡಿದಾಗ ಹೆಂಗಸರೆಲ್ಲ ಹೋ ಎಂದರು. ಅದೇ ಪ್ಯಾಕೇಜುಗಳನ್ನು ಪೆನ್‌ಡ್ರೈವ್‌ನಲ್ಲಿ ಉಳಿದ ಯಂತ್ರಗಳಿಗೂ ಹಾಕಿದಳು.

ಮರುದಿನ ವಿಜಯಕುಮಾರ್ ಚೇರುಗಳನ್ನು ಆಟೋದಲ್ಲಿ ಹೇರಿಕೊಂಡೇ ಬಂದರು. "ಸರಿಯಾಯ್ತಾ? ಒಳ್ಳೇದಾಯ್ತು. ಆದ್ರೂ ರೂಮ್ ಬೇಕಮ್ಮಾ, ಕಮಿಟಿ ತೀರ್ಮಾನ."

"ಕಮಿಟಿನೇ ಬಂದು ಎಬ್ಬಿಸ್ಲಿ ಅಣ್ಣಾ. ನಾವ್ ಏಳಲ್ಲ."

ಒಬ್ಬ ಹೆಂಗಸೂ ಏಳಲಿಲ್ಲ. ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ವಿಜಯಕುಮಾರ್ ಚೇರುಗಳನ್ನು ವರಾಂಡದಲ್ಲಿ ಇಳಿಸಿ ಹೊರಟುಹೋದರು.

ಆ ಮಧ್ಯಾಹ್ನವೇ ಕಲಾ ತಾನು ಪ್ಯಾಕೇಜು ಕಟ್ಟಿದ ಬಗೆಯನ್ನು ಬರೆದು, ಆ ಲಿನಕ್ಸ್ ನಡೆಸುವ ಉತ್ಸಾಹಿಗಳಿಗೆ ಕಳಿಸಿದಳು. ಬೇರೆ ಯಾರ ಪರದೆಯೂ ಹಾಗೆ ಕಪ್ಪಾಗಬಾರದು. ಅವರು ಅದನ್ನು ಎಲ್ಲರ ಲಿನಕ್ಸಿಗೂ ಸೇರಿಸಲು ಒಪ್ಪಿಕೊಂಡರು. ಕಟ್ಟಿದವರ ಜಾಗದಲ್ಲಿ ಯಾವ ಹೆಸರು ಹಾಕೋಣ ಎಂದು ಕೇಳಿದರು.

"ಕಲಾ, ಊರಿಗಾಂ" ಎಂದು ಬರೆದಳು.