ಒಲೆಯ ಹಿಂದಿನ ಮಾಡದಲ್ಲಿಟ್ಟ ಸೂಜಿಪುಡಿ

ಎಪ್ಪತ್ತರ ದಶಕದ ಕೊನೆಯ ಮಾತು. ಸವಣೂರಿನಲ್ಲಿ ನಮ್ಮದು ವೀಳ್ಯದೆಲೆಯ ತೋಟ. ನನಗೆ ಎರಡು ಸಲ ಬಸಿರಾಗಿ, ಎರಡೂ ಸಲ ಮೂರನೆಯ ತಿಂಗಳಿಗೇ ಇಳಿದುಹೋಗಿತ್ತು. ಮತ್ತೆ ನಿಂತಾಗ ಅತ್ತೆ ನನ್ನನ್ನು ಯಲವಿಗಿಯಲ್ಲಿ ರೈಲು ಹತ್ತಿಸಿ ಹುಬ್ಬಳ್ಳಿಯ ಡಾಕ್ಟರಬಾಯಿ ಹತ್ತಿರ ಕರೆದೊಯ್ದಳು. ಹರಕೆ ಹೊತ್ತದ್ದು ಬೇರೆ. ದೇವರ ಮೇಲೆ ಪೂರ್ತಿ ಭಾರ ಹಾಕಿ ಕೂಡ್ರುವ ಹೆಂಗಸಲ್ಲ ಅವಳು.

ಡಾಕ್ಟರಬಾಯಿ ವಾರಕ್ಕೊಂದು ಸೂಜಿ ಬರೆದುಕೊಟ್ಟರು. ಸಣ್ಣ ಸೀಸೆಯ ತಳದಲ್ಲಿ ಬಿಳಿ ಪುಡಿ, ಸುಣ್ಣದ ಬಿಲ್ಲೆಯ ಹಾಗೆ ಕೂತದ್ದು. ಜೊತೆಗೆ ನೀರು ತುಂಬಿದ ಗಾಜಿನ ನಳಿಗೆ. ಬಸಿರು ಉಳಿಸುವ ಔಷಧವನ್ನು ಬರ್ಫದ ಹಾಗೆ ಹೆಪ್ಪುಗಟ್ಟಿಸಿ, ನೀರೆಲ್ಲ ಎಳೆದು ಪುಡಿ ಮಾಡಿರುತ್ತಾರಂತೆ. ಚುಚ್ಚುವ ಹೊತ್ತಿಗಷ್ಟೇ ನೀರು ಕೂಡಿಸಬೇಕು, ಅಲ್ಲಿಯವರೆಗೆ ತಂಪಿನಲ್ಲಿಡಿ ಎಂದರು.

ನಮ್ಮ ಓಣಿಯಲ್ಲಿ ಫ್ರಿಜ್ಜು ಯಾರಿಗಿತ್ತು? ಎಲೆ ಬಾಡದಂತೆ ಇಡುವ ರೀತಿಯನ್ನೇ ಗಂಡ ಹಿಡಿದ. ನೀರಿನ ಹರವಿಯ ಪಕ್ಕ ಹಸಿ ಉಸುಕು ತುಂಬಿದ ದೊಡ್ಡ ಗಡಿಗೆ, ಅದರೊಳಗೆ ಸೀಸೆಗಳಿಟ್ಟ ಸಣ್ಣ ಗಡಿಗೆ, ಮೇಲೆ ಒದ್ದೆ ಗೋಣಿತಾಟು. ದಿನಾ ನೀರು ಚಿಮುಕಿಸುವ ಕೆಲಸ ಅತ್ತೆಯದು. ನನಗೆ ಬಗ್ಗಗೊಡುತ್ತಿರಲಿಲ್ಲ.

ಚುಚ್ಚಲು ನರ್ಸಬಾಯಿ ಮನೆಗೇ ಬರುತ್ತಿದ್ದಳು. ನೀರು ಕೂಡಿಸಿದ ಸೀಸೆಯನ್ನು ಎರಡೂ ಅಂಗೈ ನಡುವೆ ಮೆಲ್ಲಗೆ ಹೊರಳಿಸುವಳು. ಒಮ್ಮೆ ಗಂಡ ತಾನು ಮಾಡುತ್ತೇನೆಂದು ಇಸಿದುಕೊಂಡು ಗಡಗಡ ಅಲುಗಾಡಿಸಿ ನೊರೆ ಎಬ್ಬಿಸಿದ. ಮಜ್ಜಿಗೆ ಕಡೆಯುವುದಿದ್ದರೆ ಅಡುಗೆಮನೆಗೆ ಹೋಗಿರಿ ಎಂದು ಅವಳು ಕಿತ್ತುಕೊಂಡಳು. ಅತ್ತೆ ಅದನ್ನು ಓಣಿಯವರಿಗೆಲ್ಲ ಹೇಳಿ ಹೇಳಿ ನಕ್ಕಳು.

ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಉಪ್ಪು ನೀರಾಯಿತು, ಸಂಡಿಗೆ ಮೆತ್ತಗಾದವು. ಮಳೆಗಾಲದಲ್ಲಿ ಖಾರಪುಡಿ, ಸಂಡಿಗೆ ಎಲ್ಲ ಒಲೆಯ ಹಿಂದಿನ ಗೋಡೆಯ ಗೂಡಿನಲ್ಲಿ, ಅಂದರೆ ಮಾಡದಲ್ಲಿ, ಇಡುವುದು ನಮ್ಮ ರೂಢಿ. ಅಲ್ಲಿ ತೇವ ಹತ್ತುವುದಿಲ್ಲ. ಅತ್ತೆ ಯಾರಿಗೂ ಹೇಳದೆ ಉಳಿದ ಪುಡಿಸೀಸೆಗಳನ್ನೆಲ್ಲ ಅಲ್ಲಿಟ್ಟಳು. ನೀರಿನ ನಳಿಗೆಗಳನ್ನು ಮಾತ್ರ ಗಡಿಗೆಯಲ್ಲೇ ಬಿಟ್ಟಳು. ನೀರು ತಂಪಿಗೆ, ಪುಡಿ ಬೆಚ್ಚಗೆ.

ಮುಂದಿನ ಸೂಜಿಯ ದಿನ ನರ್ಸಬಾಯಿ ಸೀಸೆಯನ್ನು ಬೆಳಕಿಗೆ ಹಿಡಿದಳು. ಬಿಲ್ಲೆ ಮುದುಡಿ ಕಂದುಬಣ್ಣಕ್ಕೆ ತಿರುಗಿ ತಳಕ್ಕೆ ಅಂಟಿತ್ತು.

"ಇದನ್ನ ಚುಚ್ಚಂಗಿಲ್ಲ ನಾ. ಪುಡಿ ಬೆಂದೈತಿ."

"ಮಳಿಗೆ ಹಸಿ ಆದೀತಂತ ಇಟ್ಟೆನವ್ವ," ಎಂದಳು ಅತ್ತೆ.

"ರಬ್ಬರ್ ಬೂಚು ಐತೆಲ್ಲರಿ. ಮಳಿ ಒಳಗ ಹೋಗಂಗಿಲ್ಲ, ಒಲಿ ಝಳ ಹೋಗತೈತಿ."

ನನಗೆ ಆಗ ಅದೇ ಮೂರನೆಯ ತಿಂಗಳು. ಬಾಯಿ ತೆರೆದರೆ ಕೆಟ್ಟದ್ದೇ ಬರುತ್ತಿತ್ತು. ಗೋಡೆಗೆ ಮುಖ ಮಾಡಿ ಮಲಗಿದೆ. ಗಂಡ ಹುಬ್ಬಳ್ಳಿಗೆ ಹೊರಡಲು ಅಂಗಿ ತೊಟ್ಟ.

"ನೀ ಕುಂದ್ರು. ಕೆಡಿಸಿದಾಕಿ ನಾ, ತರಾಕಿನೂ ನಾನ."

ಚಹದ ಥರ್ಮಾಸ್ ತೊಳೆದು ಸೆರಗಿನಲ್ಲಿ ಸುತ್ತಿಕೊಂಡು ಅತ್ತೆ ಮಳೆಯಲ್ಲೇ ನಡೆದಳು. ಅಲ್ಲಿಯವರೆಗೆ ಎಂದೂ ಒಬ್ಬಳೇ ರೈಲು ಹತ್ತಿದವಳಲ್ಲ. ದೀಪ ಹಚ್ಚುವ ಹೊತ್ತಿಗೆ ತೊಯ್ದು ತೊಪ್ಪೆಯಾಗಿ, ನರ್ಸಬಾಯಿಯನ್ನೂ ಕರೆದುಕೊಂಡೇ ಬಂದಳು. ಥರ್ಮಾಸಿನಲ್ಲಿ ಐಸ್‌ಕ್ಯಾಂಡಿ ಅಂಗಡಿಯ ಬರ್ಫ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಸೀಸೆಗಳು. ನಾನಿನ್ನೂ ಗೋಡೆಯ ಕಡೆಗೇ ಇದ್ದೆ.

"ಸಿಟ್ಟು ಆಮ್ಯಾಲೆ ಮಾಡವ್ವ. ಮೊದ್ಲು ಸೂಜಿ ಹಾಕಿಸ್ಕೋ."

ಎದ್ದು ಕೂತೆ. ಬೇರೇನು ಮಾಡಲಿ, ಅವಳ ಸೀರೆಯಿಂದ ಇನ್ನೂ ನೀರು ಸೋರುತ್ತಿತ್ತು.

ಬಸಿರು ಉಳಿಯಿತು. ಸೂಜಿಯಿಂದಲೋ, ಅದು ಉಳಿಯುವುದೇ ಇತ್ತೋ, ನನಗೆ ಗೊತ್ತಿಲ್ಲ. ಹೆಣ್ಣು ಹುಟ್ಟಿದ್ದು ಮೈ ನಡುಗುವ ಚಳಿಯಲ್ಲಿ. ಅತ್ತೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ನರ್ಸಬಾಯಿ ಕೈ ತೊಳೆಯುತ್ತಿದ್ದಳು.

"ಇದನ್ನಾದ್ರೂ ಒಲಿ ಹತ್ರ ಇಡಬಹುದೇನ್ರಿ?"

"ಇದನ್ನ ಇಡ್ರಿ," ಎಂದಳು ನರ್ಸಬಾಯಿ.