ಟೈಲರಕ್ಕನ ಅರ್ಧ ಓದು

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಡುವ ಟೈಲರ್ ಸಿಗುವುದೇ ಅಪರೂಪ, ಇವಳು ಅಂಥವಳು; ಅದರ ಮೇಲೆ ಓದಿನ ಹುಚ್ಚು ಬೇರೆ. ಮೊಬೈಲಿನಲ್ಲಿ ಕಣ್ಣಿಗೆ ಬಿದ್ದ ಲೇಖನವನ್ನೆಲ್ಲ ‘ಆಮೇಲೆ ಓದೋಣ’ ಎಂದು ಕೂಡಿಟ್ಟುಕೊಳ್ಳುವಳು. ಆ ‘ಆಮೇಲೆ’ ಮಾತ್ರ ಬಂದದ್ದೇ ಇಲ್ಲ.

ಹೀಗಿರುವಾಗ, ಮೊಬೈಲೇ ಓದಿ ಹೇಳುತ್ತದೆ ಎಂದು ಯಾರೋ ತೋರಿಸಿಕೊಟ್ಟರು. ಕುರುಡನಿಗೆ ಕಣ್ಣು ಬಂದಂತಾಯಿತು. ಆದರೆ ಹೊಲಿಗೆ ಯಂತ್ರಕ್ಕೂ ಬಾಯಿ ಇದೆಯಲ್ಲ! ಪೆಡಲ್ ಒತ್ತಿದರೆ ಮೊಬೈಲಿನ ಮಾತು ಮುಳುಗುವುದು, ಬಿಟ್ಟರೆ ತೇಲುವುದು. ಇಯರ್‌ಫೋನ್ ಸಿಕ್ಕಿಸಿಕೊಂಡರೆ ಗಿರಾಕಿ ಕರೆದದ್ದು ಕೇಳದು. ಹೀಗಾಗಿ ಅವಳ ಜ್ಞಾನಕ್ಕೆ ಅಲ್ಲಲ್ಲಿ ತೂತು ಬಿತ್ತು. ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಗೊತ್ತು. ಯಾಕೆ ಎಂದು ಮೊಬೈಲು ವಿವರಿಸುವಾಗ ಅವಳು ಯಾರದೋ ಅಂಗಿಗೆ ತೋಳು ಜೋಡಿಸುತ್ತಿದ್ದಳು.

ಆಕ್ಟೋಪಸ್ಸಿನ ವಿಷಯ ಹಾಳಾಗಿ ಹೋಗಲಿ, ಮಾವನವರ ಬರಹಕ್ಕೂ ಇದೇ ಗತಿಯಾಗಿತ್ತು. ಅವರು ಜೀವನವಿಡೀ ಲಿಫ್ಟ್ ರಿಪೇರಿ ಮಾಡಿದವರು. ಅತ್ತೆ ತೀರಿಕೊಂಡ ಮೇಲೆ ಬಾಯಿಗೆ ಬೀಗ ಬಿದ್ದಂತೆ ಕೂತುಬಿಟ್ಟಿದ್ದರು. ಒಂದು ದಿನ ಅದೇನು ತೋಚಿತೋ, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕಥೆಗಳನ್ನು ವಾರಕ್ಕೊಂದರಂತೆ ಅಂತರ್ಜಾಲದಲ್ಲಿ ಬರೆಯತೊಡಗಿದರು. ಮನುಷ್ಯನಿಗೆ ಜೀವ ಬಂತು. “ಓದಿದ್ಯಾ?” ಎಂದು ಕೇಳುವರು. ಓದಿದೆ ಮಾವ, ಚೆನ್ನಾಗಿದೆ ಎನ್ನುವಳು. ಅರ್ಧ ನಿಜ. ಕಥೆಯ ಆರಂಭ ಕೇಳಿರುತ್ತಿದ್ದಳು, ನಡುವಿಗೆ ಬರುವಷ್ಟರಲ್ಲಿ ಕಾಲು ತಾನಾಗಿ ಪೆಡಲಿನ ಮೇಲಿರುತ್ತಿತ್ತು. ಮನೆಯಲ್ಲಾದರೂ ಓದೋಣವೆಂದರೆ ಅಡುಗೆ, ಪಾತ್ರೆ. ಗಂಡ ಲಾರಿ ಓಡಿಸಿಕೊಂಡು ಊರೂರು ಸುತ್ತುವವನು. ಮಾವ ಒಮ್ಮೆ ಸಿಂಕಿನ ಹತ್ತಿರ ಹೋದದ್ದಕ್ಕೆ ಅವಳೇ ಪಾತ್ರೆಯುಜ್ಜುವ ನಾರು ಕಿತ್ತುಕೊಂಡು, ಸುಮ್ಮನೆ ಕೂತುಕೊಳ್ಳಿ ಎಂದು ಗದರಿದ್ದಳು.

ಒಂದು ಸಂಜೆ ಊಟದ ನಡುವೆ ಮಾವ ತಟ್ಟೆ ನೋಡುತ್ತಲೇ ಹೇಳಿದರು: “ಬರೆಯೋದು ಸಾಕು ಅನ್ಸುತ್ತೆ ಕಣಮ್ಮ. ಓದೋರೇ ಇಲ್ಲ.”

“ನಾನು ಓದ್ತೀನಲ್ಲ ಮಾವ.”

ಅವರು ನಕ್ಕರು. ಆ ನಗು ಅವಳಿಗೆ ಚುಚ್ಚಿತು. ಮತ್ತೆ ಬೀಗ ಬಿದ್ದರೆ ಈ ಸಲ ತೆಗೆಯುವವರು ಯಾರು ಎಂದು ಹೆದರಿಕೆಯೂ ಆಯಿತು.

ಮರುದಿನ ಯಂತ್ರಕ್ಕೆ ಬಟ್ಟೆ ಹೊದಿಸಿ, ಕೋಟುಗಳಿಗೆ ಗುಂಡಿ ಹಾಕಲು ಕೂತಳು. ಸೂಜಿ ಸದ್ದು ಮಾಡುವುದಿಲ್ಲ. ಮಾವನ ಕಥೆ ಮೊದಲ ಸಲ ಉದ್ದಕ್ಕೂ ಕೇಳಿಸಿತು. ಇಬ್ಬರು ಜಗಳಗಂಟ ನೆರೆಯವರು ಲಿಫ್ಟಿನಲ್ಲಿ ಸಿಕ್ಕಿಕೊಂಡ ಕಥೆ. ಅವಳು ಒಬ್ಬಳೇ ನಗುತ್ತಿದ್ದಳು. ನಟ್ಟನಡುವೆ, ಕಥೆಗೆ ಸಂಬಂಧವೇ ಇಲ್ಲದ ಮಾತೊಂದು ಬಂತು: ‘ಇಲ್ಲಿಯವರೆಗೆ ಓದಿದವರು ನನ್ನ ಸೊಸೆಯಾಗಿದ್ದರೆ ಬಂದು ಹೇಳಲಿ. ಈ ವಾರ ಪಾತ್ರೆ ತೊಳೆಯುವುದು ನನ್ನ ಪಾಲು. ಅವಳಿಗೂ ಓದಲು ಹೊತ್ತು ಸಿಗಲಿ.’

ಸೂಜಿ ಬೆರಳಿಗೆ ಚುಚ್ಚಿತು. ಹಿಂದಿನ ವಾರದ ಕಥೆ ಹಾಕಿದಳು. ಅದರಲ್ಲೂ ಅದೇ ಮಾತು. ಅದರ ಹಿಂದಿನದರಲ್ಲೂ. ಗುಂಡಿಗಳೆಲ್ಲ ಮುಗಿದರೂ ಎದ್ದೇಳದೆ ಕೇಳಿದಳು. ಹೊತ್ತಿಲ್ಲ, ಹೊತ್ತಿಲ್ಲ ಎಂದು ತಾನು ಗೊಣಗಿದ್ದನ್ನು ಆ ಮುದುಕ ಒಂದೂ ಬಿಡದೆ ಕೇಳಿಸಿಕೊಂಡಿದ್ದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಆ ಸಂಜೆ ಊಟವಾದ ಮೇಲೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

“ಮಾವ, ಪಾತ್ರೆ ನಿಮ್ದು.”

ಅವರು ತಲೆಯೆತ್ತಿದರು. “ಎಲ್ಲೀತನಕ ಓದ್ದೆ?”

“ಕೊನೇತನಕ. ಹಳೇದೂ ಎಲ್ಲ. ಲೆಕ್ಕ ಹಾಕಿದ್ರೆ ಈ ವರ್ಷ ನಾನು ಸಿಂಕ್ ಹತ್ರ ಹೋಗೋ ಹಾಗೇ ಇಲ್ಲ.”

ಮಾವ ಹೊಟ್ಟೆ ಕುಲುಕುವಂತೆ ನಕ್ಕು, ಅಂಗಿಯ ತೋಳು ಮಡಚಿಕೊಂಡು ಎದ್ದರು. ಅವಳು ಕಾಲು ಚಾಚಿ ಮೊಬೈಲಿನಲ್ಲಿ ಆಕ್ಟೋಪಸ್ಸಿನ ಲೇಖನ ತೆರೆದಳು. ಒಳಗಿನಿಂದ ನಲ್ಲಿಯ ಸದ್ದಿನ ಜೊತೆ ಮಾವ ಏನೋ ಕೇಳಿದ್ದು ಅರ್ಧಂಬರ್ಧ ಕಿವಿಗೆ ಬಿತ್ತು. ಎಂದಿನಂತೆ ‘ಹೂಂ ಮಾವ’ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಮೊಬೈಲು ಅಲ್ಲೇ ಇಟ್ಟು ಹೋಗಿ ನಲ್ಲಿ ನಿಲ್ಲಿಸಿದಳು.

“ಇನ್ನೊಂದ್ಸಲ ಹೇಳಿ ಮಾವ, ಕೇಳಿಸ್ಲಿಲ್ಲ.”

“ಮುಂದಿನ ವಾರ ಯಾವ ಕಥೆ ಬರೀಲಿ ಅಂದೆ” ಎಂದರು ಮಾವ.